ಅರ್ಧ ನಿಮಿಷದ ಕಾವಲು

ಐದೂವರೆಗೆ ಹೊರಡುವುದೆಂದು ಮಾತಾಗಿತ್ತು. ಐದು ಇಪ್ಪತ್ತೈದಕ್ಕೆ ನಾನು ಆನ್ ಆರ್ಬರಿನ ನಮ್ಮ ಮನೆಯ ಮುಂದೆ ಒಂದು ಬಟ್ಟೆಯ ಚೀಲ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದು ಡಬ್ಬಿ ಪುಳಿಯೋಗರೆ ಇಟ್ಟುಕೊಂಡು ನಿಂತಿದ್ದೆ. ಸುಮಾಳ ಕಾರು ಬಂದಾಗ ಐದು ನಲವತ್ತು.

“ಹತ್ತು ನಿಮಿಷ ಲೇಟು,” ಎಂದೆ.

“ಕಾರಿಗೆ ಗ್ಯಾಸ್ ಹಾಕಿಸ್ಕೊಂಡು ಬಂದೆ ಆಂಟಿ. ದಾರಿಲಿ ನಿಲ್ಸಿದ್ರೆ ಅದಕ್ಕೂ ಬೈತೀರಲ್ಲ.”

2009ರ ಜೂನ್ ತಿಂಗಳ ಕೊನೆಯ ಗುರುವಾರ. ಸುಮಾ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಅದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನಾನು ಮೂವತ್ತೊಂದು ವರ್ಷ ನರ್ಸಾಗಿದ್ದು ನಿವೃತ್ತಳಾದವಳು. ಅವಳ ಮೂವರು ಸ್ನೇಹಿತರು ಉತ್ತರದ ಸರೋವರದಲ್ಲಿ ಮುಳುಗಿ ಈಟಿಯಿಂದ ಮೀನು ಹೊಡೆಯುವವರು, ಅವಳು ಅವರ ಜೊತೆಗೆ ಮುಳುಗುವವಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟುವುದಿಲ್ಲ. ಒಂದೇ ಉಸಿರು ಹಿಡಿದು ಇಳಿಯುವುದು, ಉಸಿರು ಮುಗಿಯುವ ಮೊದಲು ಮೇಲೆ ಬರುವುದು. ಇದನ್ನು ಶುರುಮಾಡಿದವನು ಶಿಕಾಗೋದ ಹತ್ತಿರ ಎಲ್ಕ್ ಗ್ರೋವ್ ವಿಲೇಜಿನಲ್ಲಿರುವ ಮಾರುತಿ. ಗದಗಿನ ಕಡೆಯವನು, ಆರಡಿ ಆಳು. ಏಪ್ರಿಲ್‌ನಲ್ಲಿ ಅವನೇ ನನಗೆ ಫೋನ್ ಮಾಡಿದ್ದ. “ಆಂಟಿಯವ್ರ, ಈ ವರ್ಷ ನೀವೂ ಬರ್ರಿ. ನಮಗ ಈಜು ಕಲಸೋವ್ರು ಬ್ಯಾಡ್ರಿ, ಎಣಸೋವ್ರು ಬೇಕ್ರಿ.”

ನನಗೆ ಈಜು ಬಾರದು, ಎಣಿಸಲು ಬರುತ್ತದೆ. ಥಿಯೇಟರಿನಲ್ಲಿ ಹೊಟ್ಟೆ ಹೊಲಿಯುವ ಮೊದಲು ಬಟ್ಟೆಯ ತುಂಡು, ಸೂಜಿ, ಕತ್ತರಿ ಎಲ್ಲವನ್ನೂ ಎಣಿಸುವುದು ನನ್ನ ಕೆಲಸವಾಗಿತ್ತು. ಎಣಿಕೆ ತಾಳೆಯಾಗದಿದ್ದರೆ ಎಷ್ಟು ದೊಡ್ಡ ಸರ್ಜನ್ ಆದರೂ ಕೈ ಕಟ್ಟಿ ನಿಲ್ಲಬೇಕು. ಬರುತ್ತೇನೆ ಎಂದೆ. ನಮ್ಮ ಯಜಮಾನರು ಮಂಡಿ ನೋವಿನ ನೆಪದಲ್ಲಿ ಮನೆಯಲ್ಲೇ ಉಳಿದರು.

ಹೈವೇಯಲ್ಲಿ ಉತ್ತರಕ್ಕೆ ಇನ್ನೂರೆಪ್ಪತ್ತೈದು ಮೈಲಿ ಹೋದರೆ ಮ್ಯಾಕಿನಾ ಸೇತುವೆ. ಕಾರು ಕಂಪನಿಗಳೇ ದಿವಾಳಿಯಾಗುತ್ತಿದ್ದ ವರ್ಷವದು; ದಾರಿಯಲ್ಲಿ ಕಾರು ಮಾರುವ ಅಂಗಳಗಳು ಎಷ್ಟೋ ಕಡೆ ಖಾಲಿ ಬಿದ್ದಿದ್ದವು. ಬಾವುಟಗಳನ್ನು ಮಾತ್ರ ಯಾರೂ ಇಳಿಸಿರಲಿಲ್ಲ. ಸೇತುವೆಯ ಉದ್ದ ಐದು ಮೈಲಿ, ಸುಂಕ ಮೂರು ಡಾಲರ್. ಗಾಳಿ ಜೋರಾಗಿದ್ದರಿಂದ ನಿಧಾನವಾಗಿ ಹೋಗಿ ಎಂದು ಫಲಕದಲ್ಲಿ ದೀಪ ಉರಿಯುತ್ತಿತ್ತು. ಸುಮಾ ಸ್ಟಿಯರಿಂಗನ್ನು ಎರಡು ಕೈಯಲ್ಲೂ ಹಿಡಿದಳು, ಮಾತು ನಿಲ್ಲಿಸಿದಳು. ಆಚೆ ದಡದಲ್ಲಿ ಪ್ಯಾಸ್ಟಿ ತಿಂದೆವು. ನಮ್ಮ ಕರ್ಜಿಕಾಯಿಯನ್ನು ಅಂಗೈ ಅಗಲ ಮಾಡಿ ಒಳಗೆ ಆಲೂಗಡ್ಡೆ, ಕ್ಯಾರೆಟ್ ತುಂಬಿ ಬೇಯಿಸಿದ ಹಾಗಿತ್ತು. ಖಾರವಿಲ್ಲ. ಪುಳಿಯೋಗರೆಯ ಡಬ್ಬಿ ತೆಗೆದ ಮೇಲೆ ಊಟ ಸರಿಹೋಯಿತು. ಅಲ್ಲಿಂದ ಸರೋವರದ ದಡ ಹಿಡಿದು ಪಶ್ಚಿಮಕ್ಕೆ ತೊಂಬತ್ತು ಮೈಲಿ. ಎಡಕ್ಕೆ ಮರಳು, ನೀರು. ಬಲಕ್ಕೆ ಪೈನ್ ಕಾಡು. ಮ್ಯಾನಿಸ್ಟೀಕ್ ಎಂಬ ಸಣ್ಣ ಊರು ದಾಟಿ ಒಂದೂಕಾಲಿಗೆ ಕ್ಯಾಂಪಿನ ಜಾಗ ಸೇರಿದೆವು. ಬಿಸಿಲಿದ್ದರೂ ಉಷ್ಣತೆ ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅರವತ್ತೆಂಟು ಡಿಗ್ರಿ ಮಾತ್ರ, ಊರಿನ ಲೆಕ್ಕದಲ್ಲಿ ಇಪ್ಪತ್ತು.

ಉಳಿದಿಬ್ಬರು ಆಗಲೇ ಬಂದಿದ್ದರು. ರಘು ಮೈಸೂರಿನವನು, ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಮನೆ. ಮಂಜು ನರಸೀಪುರದ ಕಡೆಯವನು. ರಘುವಿನ ಮನೆಯಿಂದ ಹತ್ತು ಮೈಲಿ ದೂರದ ನೋವೈನಲ್ಲಿರುವವನು. ಇಬ್ಬರೂ ಕಾರಿನ ಬಿಡಿಭಾಗ ತಯಾರಿಸುವ ಒಂದೇ ಕಂಪನಿಯ ಎಂಜಿನಿಯರುಗಳೆಂದು ನನಗೆ ಗೊತ್ತಿತ್ತು. ಆದರೆ ಎರಡು ಕಾರುಗಳಲ್ಲಿ ಬಂದಿದ್ದರು. ಒಬ್ಬನ ಟೆಂಟು ಈ ತುದಿಗೆ, ಇನ್ನೊಬ್ಬನದು ಆ ತುದಿಗೆ.

“ಮುನ್ನೂರು ಚಿಲ್ಲರೆ ಮೈಲಿಗೆ ಎರಡು ಕಾರು ಯಾಕ್ರಪ್ಪ?” ಎಂದೆ.

ರಘು ಬಗ್ಗಿ ಟೆಂಟಿನ ಗೂಟ ಹೊಡೆಯತೊಡಗಿದ. “ನಾನು ಬೇಗ ವಾಪಸ್ ಹೋಗ್ಬೇಕಾಗ್ಬಹುದು ಆಂಟಿ,” ಎಂದ ಮಂಜು.

ಮಾರುತಿ ಅಲ್ಯೂಮಿನಿಯಂ ದೋಣಿಯನ್ನು ಟ್ರಕ್ಕಿಗೆ ಕಟ್ಟಿಕೊಂಡು ಬಂದದ್ದು ಆರು ಗಂಟೆಗೆ. ಐದಕ್ಕೇ ಬಂದಿದ್ದೇನೆಂದು ಅವನ ವಾದ. ಅವನ ಗಡಿಯಾರ ಇನ್ನೂ, ಇಲ್ಲಿಗಿಂತ ಒಂದು ಗಂಟೆ ಹಿಂದಿರುವ ಶಿಕಾಗೋ ಸಮಯದಲ್ಲಿತ್ತು. ಮೊದಲು ಗಡಿಯಾರ ತಿದ್ದಿಸಿದೆ. ಆಮೇಲೆ ಎಲ್ಲರನ್ನೂ ಕೂರಿಸಿ ನಿಯಮ ಓದಿದೆ. ಇಳಿಯುವುದು ಜೋಡಿಯಾಗಿ. ಒಬ್ಬ ಕೆಳಗಿದ್ದರೆ ಇನ್ನೊಬ್ಬ ಮೇಲಿರಬೇಕು. ಕೆಳಗಿನವನು ಮೇಲೆ ಬಂದರೆ ಕೆಲಸ ಮುಗಿಯಲಿಲ್ಲ. ಎಚ್ಚರ ತಪ್ಪುವುದು ಹೆಚ್ಚಾಗಿ ಮೇಲೆ ಬಂದು ಒಂದೆರಡು ಉಸಿರು ಎಳೆದ ಮೇಲೆ. ಆದ್ದರಿಂದ ಜೊತೆಗಾರ ಪೂರ್ತಿ ಅರ್ಧ ನಿಮಿಷ ಅವನ ಮುಖವನ್ನೇ ನೋಡುತ್ತಿರಬೇಕು. ಅರ್ಧ ನಿಮಿಷವಾದ ಮೇಲೆ ನೋಡುತ್ತಿದ್ದವನು ನನ್ನತ್ತ ಕೈ ಎತ್ತಬೇಕು, ನಾನು ದೋಣಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಗುರುತು ಹಾಕಬೇಕು.

ಜೋಡಿಗಳನ್ನೂ ನಾನೇ ಮಾಡಿ ತಂದಿದ್ದೆ. ಸುಮಾ ಸಣ್ಣಗಿದ್ದರೂ ಬೆಂಗಳೂರಿನಲ್ಲಿ ಸ್ಪರ್ಧೆಗಳಲ್ಲಿ ಈಜಿದವಳು, ಮಾರುತಿಯನ್ನು ಎಳೆದು ತರಬಲ್ಲಳು. ರಘು ಮತ್ತು ಮಂಜು ಒಂದೇ ಎತ್ತರ, ಒಂದೇ ತೂಕ. ಪಟ್ಟಿಯನ್ನು ಮರಕ್ಕೆ ಅಂಟಿಸಿದೆ. ಹತ್ತು ನಿಮಿಷದಲ್ಲಿ ಮಂಜು ಬಂದ.

“ಆಂಟಿ, ನಂಗೆ ಬೇರೆಯವ್ರನ್ನ ಜೊತೆ ಹಾಕಿ.”

“ಯಾಕೆ?”

“ಸುಮ್ನೆ.”

“ಸುಮ್ನೆ ಅಂದ್ರೆ ನಾನು ಪಟ್ಟಿ ತಿದ್ದಲ್ಲಪ್ಪ.”

ಅವನು ತನ್ನ ಟೆಂಟಿನ ಕಡೆಗೆ ಹೋದ. ಅನ್ನಕ್ಕೆ ನೀರಿಡುವಾಗ ಸುಮಾ ಮೆಲ್ಲಗೆ ಹೇಳಿದಳು. ಮಾರ್ಚ್‌ನಲ್ಲಿ ಕಂಪನಿಯವರು ಜನರನ್ನು ಕೆಲಸದಿಂದ ತೆಗೆದಾಗ ಮಂಜುವಿನ ಕೈಗೆ ಕಾಗದ ಕೊಟ್ಟವನು ಅವನ ಮ್ಯಾನೇಜರ್ ರಘು. ಅಲ್ಲಿಯವರೆಗೆ ಎಂಟು ವರ್ಷದ ಗೆಳೆತನ. ಆಮೇಲೆ ಮಾತಿಲ್ಲ. ಕ್ಯಾಂಪಿಗೆ ಇಬ್ಬರೂ ಚಳಿಗಾಲದಲ್ಲೇ ಹೆಸರು ಕೊಟ್ಟಿದ್ದರು. ಅವನು ಬರುವುದಿಲ್ಲವೆಂದು ಇವನು, ಇವನು ಬರುವುದಿಲ್ಲವೆಂದು ಅವನು ನಂಬಿ ಇಬ್ಬರೂ ಬಂದಿದ್ದರು. ಪಟ್ಟಿಯನ್ನು ಆಗಲೇ ತಿದ್ದಬೇಕಾಗಿತ್ತು. ನೀರಿನಲ್ಲಿ ಶಿಸ್ತಿದ್ದರೆ ಸಾಕು, ಸ್ನೇಹವೇನೂ ಬೇಕಾಗಿಲ್ಲ ಎಂದುಕೊಂಡು ಬಿಟ್ಟೆ.

ಶುಕ್ರವಾರ ಆರಕ್ಕೆ ಕಾಫಿ, ಏಳಕ್ಕೆ ಉಪ್ಪಿಟ್ಟು, ಎಂಟೂವರೆಗೆ ಕೊಲ್ಲಿಯಲ್ಲಿ ಲಂಗರು. ಮುಳುಗುವವರಿದ್ದಾರೆಂದು ತಿಳಿಸುವ ಕೆಂಪು ಬಾವುಟ ಏರಿಸಿದೆವು. ನೀರಿನ ಆಳ ಹದಿನಾಲ್ಕು ಅಡಿ, ತಳದಲ್ಲಿ ಉದ್ದನೆಯ ಪಾಚಿ. ರಬ್ಬರಿನ ಉಡುಪು ತೊಟ್ಟು, ಸುಲಭವಾಗಿ ಮುಳುಗಲೆಂದು ಸೊಂಟಕ್ಕೆ ಸೀಸದ ಗುಂಡುಗಳ ಪಟ್ಟಿ ಬಿಗಿದು ನಾಲ್ವರೂ ನೀರಿಗಿಳಿದರು; ಗಂಡಸರು ಮೂವರ ಕೈಯಲ್ಲಿ ಹಿಂತುದಿಗೆ ರಬ್ಬರ್ ಕಟ್ಟಿದ ಉದ್ದನೆಯ ಈಟಿ. ಸುಮಾ ಮೀನು ತಿನ್ನುವುದಿಲ್ಲ, ಹೊಡೆಯುವುದೂ ಇಲ್ಲ. ಈಟಿಯಿಲ್ಲದೆ ಇಳಿದು ನೋಡಿಕೊಂಡು ಬರುತ್ತಾಳೆ. ಲೈಸೆನ್ಸ್ ಇದ್ದರೂ ಇಲ್ಲಿ ಎಲ್ಲ ಮೀನನ್ನೂ ಈಟಿಯಿಂದ ಹೊಡೆಯುವಂತಿಲ್ಲ. ಹೊಡೆಯಬಹುದಾದ ಮೀನು ಕಾರ್ಪ್, ಅಂದರೆ ನಮ್ಮ ಕೆರೆಗಳ ಗೆಂಡೆಯ ಜಾತಿ. ಇಲ್ಲಿಯವರು ಅದನ್ನು ಮೂಸಿಯೂ ನೋಡುವುದಿಲ್ಲ.

ಹನ್ನೊಂದರ ಸುಮಾರಿಗೆ ದೋಣಿಯ ಬಲಕ್ಕೆ ಮಾರುತಿ ಕೂಗಿದ. “ಆಂಟಿಯವ್ರ, ಇಲ್ಲಿ ನೋಡ್ರಿ! ಎತ್ತಾಕ ಬರವಲ್ದು!” ಈಟಿಯ ತುದಿಯಲ್ಲಿ ಹನ್ನೆರಡು ಪೌಂಡಿಗೆ ಕಡಿಮೆಯಿಲ್ಲದ ಗೆಂಡೆ. ನಾನು ಬಲೆಯ ಚೀಲ ಹಿಡಿದು ಆ ಕಡೆಗೆ ಬಗ್ಗಿದೆ. ಮೀನು ದೋಣಿಗೆ ಬಿದ್ದ ಮೇಲೆ ಎಡಕ್ಕೆ ತಿರುಗಿದರೆ ರಘು ಮೇಲೆ ಬಂದಿದ್ದ, ಮಂಜು ಈಜಿಕೊಂಡು ದೂರ ಹೋಗುತ್ತಿದ್ದ. ನೋಟ್‌ಬುಕ್ಕಿನಲ್ಲಿ ರಘು ಇಳಿದ ಹೊತ್ತು ಇತ್ತು. ಮುಂದಿನ ಖಾನೆ ಖಾಲಿ.

ಮಧ್ಯಾಹ್ನ ದಡಕ್ಕೆ ಬಂದ ಮೇಲೆ ಪುಸ್ತಕ ತೆರೆದೆ. “ಹನ್ನೊಂದು ಎಂಟು. ರಘು ಇಳಿದದ್ದು. ಕೈ ಎತ್ತಿದ್ದು ಗುರುತಿಲ್ಲ.”

“ಎತ್ತಿದ್ದ ಆಂಟಿ,” ಎಂದ ರಘು ತಕ್ಷಣ. “ನೀವು ಮಾರುತಿ ಮೀನು ನೋಡ್ತಿದ್ರಿ. ಗುರುತು ಹಾಕ್ಕೊಳ್ಳಿ.”

ನಾನು ಪೆನ್ನಿನ ಕ್ಯಾಪು ತೆಗೆದೆ.

“ಹಾಕ್ಬೇಡಿ,” ಎಂದ ಮಂಜು. ತಲೆ ಒರೆಸುತ್ತಿದ್ದ ಟವಲನ್ನು ಕೆಳಗಿಟ್ಟ. “ನಾನು ಎತ್ತಿಲ್ಲ. ಅವನು ಮೇಲೆ ಬಂದಾಗ ಬೆನ್ನು ತಿರುಗಿಸ್ದೆ. ಬೇಕಂತ್ಲೇ.”

ಬೆನ್ನು ನೋಡಿದ್ದ ರಘುವಿಗೆ ವಿಷಯ ಗೊತ್ತೇ ಇತ್ತು. ಆದರೂ ಎತ್ತಿದ್ದ ಎಂದಿದ್ದ.

“ಆ ಹೊತ್ತಿಗೆ ನಾನೂ ನೋಡ್ತಿರ್ಲಿಲ್ಲ,” ಎಂದೆ. “ಅದು ನನ್ನ ತಪ್ಪು. ಇವತ್ತು ಇನ್ನು ಯಾರೂ ಇಳಿಯೋ ಹಾಗಿಲ್ಲ. ಮಾರುತಿ, ಸುಮಾ, ಸೌದೆ ತನ್ನಿ. ರಘು, ಮಂಜು, ಮೀನು ಕ್ಲೀನ್ ಮಾಡಿ.”

ನಾನು ಹತ್ತು ಹೆಜ್ಜೆ ಆಚೆ ಒಲೆಯ ಹತ್ತಿರ ಹುಣಿಸೆಹಣ್ಣು ಕಿವುಚುತ್ತಿದ್ದೆ. ಮಾತು ಕೇಳಿಸದಿರಲು ಅದು ಸಾಕಾಗುವ ದೂರವಲ್ಲ. ರಘು ಮನೆಯಲ್ಲಿ ಮೀನಿನ ಅಭ್ಯಾಸವಿಲ್ಲದವನು. ಚೂರಿಯನ್ನು ಪೆನ್ನಿನಂತೆ ಹಿಡಿದಿದ್ದ.

“ಹೊಡೆಯೋಕ್ ಬರುತ್ತೆ, ಉಜ್ಜೋಕ್ ಬರಲ್ವಾ?” ಮಂಜುವಿನ ದನಿ. “ಬಾಲದಿಂದ ತಲೆ ಕಡೆಗೆ. ಉಲ್ಟಾ ಅಲ್ಲ.”

ರಘು ಚೂರಿ ತಿರುಗಿಸಿ ಹುರುಪೆ ಉಜ್ಜತೊಡಗಿದ.

“ಕೆಲ್ಸದಿಂದ ತೆಗೆಯೋರ ಪಟ್ಟಿ ಮಾಡಿದ್ದು ನಾನಲ್ಲ ಕಣೋ. ಮೇಲಿಂದ ಬಂತು.”

“ಕೆಲ್ಸ ಹೋಗಿದ್ದಕ್ಕಲ್ಲ. ಎಲ್ರದ್ದೂ ಹೋಗ್ತಿದೆ. ಅದ್ರ ಹಿಂದಿನ ಭಾನುವಾರ ನೀನು ನನ್ನ ಮಗಳ ಬರ್ತ್‌ಡೇಗೆ ಬಂದಿದ್ದೆ. ಎರಡು ಸಲ ಬಡಿಸ್ಕೊಂಡು ಉಂಡೆ. ಆವಾಗ್ಲೇ ನಿಂಗೆ ಗೊತ್ತಿತ್ತಲ್ವಾ?”

“ಗೊತ್ತಿತ್ತು.”

“ಸೋಮವಾರ ಕಾಗದ ಕೊಟ್ಟೆ. ಟೇಬಲ್ ನೋಡ್ಕೊಂಡು ಕೊಟ್ಟೆ. ಒಂದ್ಸಲ ಆದ್ರೂ ನನ್ನ ಮುಖ ನೋಡಿದ್ಯಾ?”

ಒಗ್ಗರಣೆ ಹೊತ್ತುತ್ತಿತ್ತು, ಆ ಕಡೆ ಗಮನ ಕೊಟ್ಟೆ.

ಪಕ್ಕದ ಟ್ರೇಲರಿನ ಬಿಳಿ ಗಡ್ಡದ ಮುದುಕ ಬಂದು, ಇದನ್ನು ನಿಜವಾಗಿಯೂ ತಿನ್ನುತ್ತೀರಾ, ನಾವು ತೋಟಕ್ಕೆ ಗೊಬ್ಬರ ಮಾಡುತ್ತೇವೆ ಎಂದ. ಒಂದು ಬಟ್ಟಲು ಸಾರು ಕೊಟ್ಟೆ. ಮುಳ್ಳು ತೆಗೆಯಲು ಮಂಜು ಕಲಿಸಿದ. ಮುದುಕ ಮೂಗು ಒರೆಸಿಕೊಳ್ಳುತ್ತ ಉಂಡು, ಬಟ್ಟಲು ತೊಳೆದು ತಂದು ಎರಡನೆಯ ಸಲ ಚಾಚಿದ.

ಶನಿವಾರ ನಾನು ಐದಕ್ಕೇ ಎದ್ದು ಮರದ ಪಟ್ಟಿ ಕಿತ್ತು ಹೊಸದು ಬರೆದೆ. ಮಂಜು ಮಾರುತಿಯ ಜೊತೆ, ರಘು ಸುಮಾಳ ಜೊತೆ. ಅಂಟಿಸುವ ಮೊದಲೇ ರಘು ಎರಡು ಲೋಟ ಕಾಫಿ ಹಿಡಿದು ಬಂದ. ಒಂದನ್ನು ನನಗೆ ಕೊಟ್ಟು ಕಾಗದ ಓದಿದ.

“ಹಳೇದೇ ಇರ್ಲಿ ಆಂಟಿ.”

“ಇದು ನಿನ್ನ ಜೀವದ ವಿಷಯ ಕಣಪ್ಪ. ಔದಾರ್ಯ ತೋರ್ಸೋ ಜಾಗ ಅಲ್ಲ.”

“ಔದಾರ್ಯ ಅಲ್ಲ. ನಿನ್ನೆ ಮಂಜು ತಾನಾಗೇ ಹೇಳಿದ್ನಲ್ಲ. ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮಾರ್ಚ್‌ನಲ್ಲಿ ನಾನು ಅಷ್ಟೂ ಮಾಡ್ಲಿಲ್ಲ.”

ಥಿಯೇಟರಿನಲ್ಲಿ ನಾನು ಯಾರನ್ನು ನಂಬುತ್ತಿದ್ದೆ ಎಂದು ಯೋಚಿಸಿದೆ. ತಪ್ಪು ಮಾಡದವರನ್ನಲ್ಲ, ಅಂಥವರನ್ನು ನಾನು ನೋಡಿಲ್ಲ. ಒಂದು ತುಂಡು ಕಡಿಮೆ ಇದೆ ಎಂದು ತಾವೇ ಬಾಯಿ ಬಿಡುತ್ತಿದ್ದವರನ್ನು. ಮಂಜುವನ್ನು ಕರೆದೆ. “ನೋಡ್ತೀಯಾ?”

ಅವನು ಕಾಗದವನ್ನೂ ರಘುವನ್ನೂ ನೋಡಿದ. “ನೋಡ್ತೀನಿ.”

ಅಂದು ಗಾಳಿ ಇರಲಿಲ್ಲ. ನೀರು ತಟ್ಟೆಯಂತಿತ್ತು. ಒಮ್ಮೆಗೆ ಒಂದೇ ಜೋಡಿ ಎಂದು ಹೊಸ ನಿಯಮ ಮಾಡಿದ್ದರಿಂದ ಮಾರುತಿ, ಸುಮಾ ದೋಣಿಯಲ್ಲೇ ಕೂತಿದ್ದರು. ಒಂಬತ್ತು ಹನ್ನೆರಡಕ್ಕೆ ರಘು ಇಳಿದ. ಹತ್ತು ಸೆಕೆಂಡ್, ಇಪ್ಪತ್ತು. ಮಂಜು ಮುಖವನ್ನು ನೀರಿನಲ್ಲಿಟ್ಟು ತೇಲುತ್ತಿದ್ದ. ನಲವತ್ತು. ನಲವತ್ತೇಳಕ್ಕೆ ರಘು ಮೇಲೆ ಬಂದ. ಈಟಿಯಲ್ಲಿ ಮೀನಿರಲಿಲ್ಲ. ಮುಖವಾಡ ಕಿತ್ತು ದೊಡ್ಡದಾಗಿ ಉಸಿರೆಳೆದ. ಮಂಜು ಎರಡಡಿ ದೂರದಲ್ಲಿ ತೇಲುತ್ತ ಅವನ ಮುಖ ನೋಡಿದ. ಬೇರೆಲ್ಲಿಗೂ ಕಣ್ಣು ಸರಿಸಲಿಲ್ಲ. ರಘುವೂ ಸರಿಸಲಿಲ್ಲ. ಇಬ್ಬರ ನಡುವೆ ನೀರು ಮೆಲ್ಲಗೆ ಏರಿ ಇಳಿಯುತ್ತಿತ್ತು.

“ಏನಪಾ ಮಂಜಾ,” ಎಂದ ಮಾರುತಿ ದೋಣಿಯಿಂದ, “ಹೆಣ್ಣ ನೋಡಾಕ ಬಂದಂಗ ನೋಡಾಕತ್ತೀಯಲ್ಲೋ!”

“ಸಾಕು ಕಣೋ, ಮೂವತ್ತಾಯ್ತು,” ಎಂದ ರಘು.

“ಆಗಿಲ್ಲ. ಸುಮ್ನಿರು. ಗಡ್ಡದ ಮೇಲೆ ಪಾಚಿ ಅಂಟಿದೆ.”

ಮೂವತ್ತು ದಾಟಿ ನಾಲ್ಕು ಸೆಕೆಂಡ್ ಆಗಿತ್ತು. ಆಗ ಮಂಜು ಕೈ ಎತ್ತಿದ. ನಾನು ಗುರುತು ಹಾಕಿದೆ. ಅಂದು ಆ ಜೋಡಿ ಇಪ್ಪತ್ತಾರು ಸಲ ಇಳಿಯಿತು. ಸಿಕ್ಕಿದ್ದು ಎರಡು ಗೆಂಡೆ. ಖಾಲಿ ಖಾನೆ ಒಂದೂ ಇರಲಿಲ್ಲ.

ಭಾನುವಾರ ಎಂಟಕ್ಕೆ ಟೆಂಟು ಬಿಚ್ಚಿದೆವು. ಮಾರುತಿ ದೋಣಿ ಕಟ್ಟಿಕೊಂಡು ಶಿಕಾಗೋ ದಾರಿ ಹಿಡಿದ. ಹೋಗುವ ಮೊದಲು ಗಡಿಯಾರವನ್ನು ನನ್ನ ಕಣ್ಣೆದುರಿಗೇ ಹಿಂದಕ್ಕೆ ತಿರುಗಿಸಿದ. ಉಳಿದ ಮೂರು ಕಾರುಗಳು ಸೇತುವೆ ದಾಟಿ ದಕ್ಷಿಣಕ್ಕೆ ಬಂದವು. ರಘು ಮತ್ತು ಮಂಜು ಈಗಲೂ ಬೇರೆ ಬೇರೆ ಕಾರಿನಲ್ಲೇ ಇದ್ದರು. ಮಂಜುವಿಗೆ ಕೆಲಸ ಸಿಕ್ಕಿರಲಿಲ್ಲ. ಬುಧವಾರ ಒಂದು ಇಂಟರ್‌ವ್ಯೂ ಇದೆ ಎಂದು ಸುಮಾಳಿಗೆ ಹೇಳಿದ್ದನಂತೆ. ಫ್ಲಿಂಟ್ ಊರಿನಲ್ಲಿ ನಮ್ಮ ದಾರಿ ಬೇರೆಯಾಗುವುದರಿಂದ ಅದಕ್ಕೆ ಸ್ವಲ್ಪ ಮೊದಲು ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಂತು ಕಾಫಿ ಕುಡಿದೆವು. ಗಂಟೆ ಮೂರೂವರೆ, ಬಿಸಿಲು ಎಂಬತ್ತೊಂದು ಡಿಗ್ರಿ.

ರಘು ಮೊದಲು ಹೊರಟ. “ಬರ್ತೀನಿ ಆಂಟಿ,” ಎಂದು ನನಗೆ ಹೇಳಿದ. ಮಂಜುವಿನ ಕಡೆಗೆ ತಲೆಯಾಡಿಸಿದ. ಅವನ ಕಾರು ಅಂಗಳ ದಾಟಿ, ಸಿಗ್ನಲ್ಲಿನಲ್ಲಿ ನಿಂತು, ಹೈವೇ ಏರುವ ದಾರಿಗೆ ಹೊರಳಿತು. ಮಂಜು ತನ್ನ ಕಾರಿನ ಬಾಗಿಲು ತೆರೆದಿದ್ದ, ಆದರೆ ಒಳಗೆ ಕೂರಲಿಲ್ಲ. ಬಾಗಿಲ ಮೇಲೆ ಕೈಯೂರಿ ಆ ಕಡೆಗೇ ನೋಡುತ್ತ ನಿಂತ. ನನ್ನ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಯಿತು.

ಸುಮಾ ಕಾರು ಸ್ಟಾರ್ಟ್ ಮಾಡಿದಳು. “ಹೊರಡೋಣ್ವಾ ಆಂಟಿ? ಆಮೇಲೆ ಲೇಟು ಅಂತ ನನ್ನೇ ಬೈತೀರಾ.”

“ತಡಿ,” ಎಂದೆ. “ಇನ್ನೂ ಹತ್ತು ಸೆಕೆಂಡ್ ಇದೆ.”