ಹುಲಿಗೆಮ್ಮನನ್ನು ಹುಡುಕಿಕೊಂಡು ಕಂಪ್ಲಿಗೆ

ಬೆಳಿಗ್ಗೆ ಏಳರ ಬಸ್ಸು ಹೊಸಪೇಟೆ ಬಿಟ್ಟಾಗ ನನಗೆ ಸೀಟು ಸಿಕ್ಕಿತ್ತು, ಆದರೂ ಕೂರಲಾಗಲಿಲ್ಲ. ಅದು ತೊಂಬತ್ತರ ದಶಕದ ಆರಂಭ. ನಾನು ಮಲೇರಿಯಾ ಕಚೇರಿಯ ಗುಮಾಸ್ತ. ರಕ್ತಪರೀಕ್ಷೆಯ ರಿಜಿಸ್ಟರನ್ನು ಹೊಸ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಕಮಲಾಪುರದ ಪಟ್ಟಿಯಲ್ಲಿ ‘ಹುಲಿಗೆಮ್ಮ, ಗಂಡ ಹನುಮಂತಪ್ಪ’ ಎಂದು ಎರಡು ಸಲ ಇತ್ತು. ಯಾರೋ ಕಣ್ತಪ್ಪಿನಿಂದ ಎರಡು ಸಲ ಬರೆದಿದ್ದಾರೆಂದು ನಾನು ಒಂದೇ ಸಾಲು ಮಾಡಿದ್ದೆ. ಆ ಪಟ್ಟಿ ಹಿಡಿದೇ ಸಿಬ್ಬಂದಿ ಗುಳಿಗೆ ಹಂಚಿ ಬಂದಿದ್ದರು. ವಾರದ ಮೇಲೆ ಹಳೆಯ ರಿಜಿಸ್ಟರ್ ತಿರುವಿದರೆ, ರಕ್ತ ಸವರಿದ ಗಾಜುಗಳ ನಂಬರು ಬೇರೆ ಬೇರೆ! ಹುಲಿಗೆಮ್ಮಂದಿರು ಇಬ್ಬರು; ಗಂಡಂದಿರ ಹೆಸರೂ ಒಂದೇ. ಮಿದುಳಿಗೇರುವ ಕೆಟ್ಟ ಮಲೇರಿಯಾ ಇದ್ದದ್ದು ಒಬ್ಬಳಿಗೆ ಮಾತ್ರ; ಗುಳಿಗೆ ಸಿಕ್ಕಿದ್ದು ಯಾರಿಗೋ ಗೊತ್ತಿರಲಿಲ್ಲ.

ಹನ್ನೆರಡು ಕಿಲೋಮೀಟರು ದಾಟಿ ಕಮಲಾಪುರದಲ್ಲಿ ಇಳಿದೆ. ಬಾಳೆತೋಟಗಳ ಮೇಲೆ ಇನ್ನೂ ಇಬ್ಬನಿಯಿತ್ತು. ಮೊದಲ ಹುಲಿಗೆಮ್ಮ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

“ನನಗ ಜ್ವರ ಬಿಟ್ಟು ಭಾಳ ದಿನ ಆಗಿತ್ರಿ. ಆದ್ರೂ ಗುಳಿಗಿ ಕೊಟ್ಟು ಹ್ವಾದ್ರು,” ಎಂದಳು.

“ಇನ್ನೊಬ್ಬ ಹುಲಿಗೆಮ್ಮ ಎಲ್ಲಿ?”

“ಗಂಡನ ಜೋಡಿ ಕಂಪ್ಲಿ ಕಡೆ ಕಬ್ಬು ಕಡಿಯಾಕ ಹೋಗ್ಯಾಳ್ರಿ. ಐದು ತಿಂಗಳ ಬಸುರಿ ಅದಾಳ.”

ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಮಂಡಕ್ಕಿ ಕಟ್ಟಿಸಿಕೊಂಡು ಹತ್ತಿದೆ. ದಾರಿಯುದ್ದಕ್ಕೂ ಕಾಲುವೆ, ಗದ್ದೆ, ನಿಂತ ನೀರು. ಆ ಹಸಿರು ನೋಡಿದಷ್ಟೂ ನನಗೆ ಸೊಳ್ಳೆಗಳೇ ನೆನಪಾದವು.

ಕಂಪ್ಲಿಯ ಚಹದಂಗಡಿಯಲ್ಲಿ ವಿಚಾರಿಸಿಕೊಂಡು, ಕಾಲುವೆಯ ಏರಿ ಹಿಡಿದು ಮೂರು ಕಿಲೋಮೀಟರು ಅರ್ಧ ನಡೆದು ಅರ್ಧ ಓಡಿದೆ. ಕಬ್ಬಿನ ಗರಿ ಹೊದಿಸಿದ ಗುಡಿಸಲಲ್ಲಿ ಅವಳು ಮಲಗಿದ್ದಳು. ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಗಂಡ ಹನುಮಂತಪ್ಪ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ.

“ಬಿಸಲು ಬಡದೈತ್ರಿ,” ಎಂದ.

“ಬಿಸಲಲ್ಲಪ್ಪ, ಮಲೇರಿಯಾ. ಗಾಡಿ ಕಟ್ಟು, ಜಲ್ದಿ!”

ಕಬ್ಬು ಹೇರಿದ್ದ ಗಾಡಿಯನ್ನು ಕೂಲಿಗಳೆಲ್ಲ ಸೇರಿ ಖಾಲಿ ಮಾಡಿದರು. ಎತ್ತು ಹೊರಟ ಮೇಲೆ ಹನುಮಂತಪ್ಪ ನನ್ನತ್ತ ತಿರುಗಿದ.

“ಸಾಹೇಬ್ರ, ಈಕಿ ಜಡ್ಡು ನಿಮಗ ಹೆಂಗ ಗೊತ್ತಾತ್ರಿ?”

ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಅವನು ಎತ್ತುಗಳ ಮೇಲೆ ಚಾಟಿ ಬೀಸಿದ.

“ಮೊದಲ ದವಾಖಾನಿ ಮುಟ್ಟಲಿ,” ಎಂದ. “ನಿಮ್ಮನ್ನ ಆಮ್ಯಾಗ ನೋಡ್ಕೋತೀನಿ.”

ಕಂಪ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರು ಡ್ರಿಪ್ ಹಚ್ಚಿದರು. ಎರಡು ದಿನ ವರಾಂಡದಲ್ಲಿ ಅತ್ತಿಂದಿತ್ತ ತಿರುಗಿದೆ. ಹನುಮಂತಪ್ಪ ಹೆಂಡತಿಯ ಮಂಚದ ಬಳಿಯಿಂದ ಏಳಲಿಲ್ಲ. ಮೂರನೆಯ ಬೆಳಿಗ್ಗೆ ಹುಲಿಗೆಮ್ಮ ಕಣ್ಣು ಬಿಟ್ಟು ನೀರು ಕೇಳಿದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, “ಕೂಸು ಮಿಸುಕತೈತಿ,” ಎಂದಳು. ನಾನು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಹಿಡಿದೆ.

ಮಧ್ಯಾಹ್ನ ಬಸ್ಸು ಹತ್ತಿ ಕುಳಿತಾಗ ಹನುಮಂತಪ್ಪ ಕಿಟಕಿಯ ಬಳಿ ಬಂದ. ಬೈಗುಳ ಕೇಳಲು ತಲೆ ತಗ್ಗಿಸಿದೆ.

“ಕೂಲಿಯವರ ಗುಡಿಸಲದಾಗ ಇನ್ನೂ ನಾಕು ಮಂದಿಗೆ ಜ್ವರ ಬಂದಾವ್ರಿ,” ಎಂದ. “ಯಾರೂ ಕೇಳಾಕ ಬಂದಿಲ್ಲ.”

ನಾನು ಚೀಲ ತೆಗೆದುಕೊಂಡು ಇಳಿದೆ. ಬಸ್ಸು ಧೂಳೆಬ್ಬಿಸಿಕೊಂಡು ಹೊಸಪೇಟೆಯ ಕಡೆ ಹೋಯಿತು. ನಾವಿಬ್ಬರೂ ಕಾಲುವೆಯ ಏರಿ ಹತ್ತಿದೆವು.