ಅಪ್ಪ ಕೂರಲೆಂದು ಹಾಕಿಸಿದ ಸ್ಪ್ರಿಂಗು

ನಮ್ಮ ಕೇರಿಯಿಂದ ತಿ. ನರಸೀಪುರದ ರಸ್ತೆಗೆ ಗಾಡಿ ಬರಬೇಕಾದರೆ ಊರಿನ ದೊಡ್ಡಬೀದಿಯನ್ನು ಹಾದೇ ಬರಬೇಕು. ಅಪ್ಪ ನಮ್ಮೂರ ನೀರುಗಂಟಿ. ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು ತಿರುಗಿಸಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಅವನ ಹತ್ತಿರ ಒಂದು ಸೈಕಲ್ಲಿತ್ತು. ದೊಡ್ಡಬೀದಿ ಶುರುವಾಗುವ ಕಡೆ ಇಳಿದು, ಚಪ್ಪಲಿ ಬಿಚ್ಚಿ ಹ್ಯಾಂಡಲಿಗೆ ಸಿಕ್ಕಿಸಿ, ಸೈಕಲ್ಲು ತಳ್ಳಿಕೊಂಡು ನಡೆಯುತ್ತಿದ್ದ. ಬೀದಿ ಮುಗಿದ ಮೇಲೆ ಮತ್ತೆ ಹತ್ತುತ್ತಿದ್ದ. ಅವನ ಪ್ರಾಯದಲ್ಲಿ ಅದು ಕಟ್ಟಳೆ. ನಮ್ಮ ಜಾತಿಯವರು ಆ ಬೀದಿಯಲ್ಲಿ ಏನನ್ನೂ ಹತ್ತಿಕೊಂಡು ಹೋಗುವಂತಿರಲಿಲ್ಲ.

ನಾನು ಹೈಸ್ಕೂಲು ಸೇರುವ ಹೊತ್ತಿಗೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಈಗ ನಮ್ಮ ಕೇರಿಯ ಹುಡುಗರು ಮೂರು ಮೂರು ಜನ ಒಂದೇ ಬೈಕಿನಲ್ಲಿ ಹಾರನ್ ಹೊಡೆದುಕೊಂಡೇ ಹೋಗುತ್ತಾರೆ. ಅಪ್ಪ ಮಾತ್ರ ಇಳಿಯುವುದನ್ನು ಬಿಡಲಿಲ್ಲ. ಯಾಕೆ ಅಂತ ಕೇಳಿದರೆ, "ಅಭ್ಯಾಸ ಕಣಪ್ಪ, ಕಾಲು ತಾನೇ ಇಳೀತದೆ" ಅನ್ನುತ್ತಿದ್ದ.

ನಮ್ಮ ಮನೆಯಲ್ಲಿ ಹೆಬ್ಬೆಟ್ಟಿನ ಬದಲು ಸಹಿ ಹಾಕಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾಸ್ಟೆಲಿನ ಮುದ್ದೆ ತಿಂದು, ಕಂಡವರ ಹಳೇ ಪುಸ್ತಕ ಓದಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ನಂಜನಗೂಡಿನ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಒಂದು ಸಣ್ಣ ಕಾರು ಕೊಂಡೆ, ಸೆಕೆಂಡ್ ಹ್ಯಾಂಡ್. ಕೊಂಡಾಗ ಮನಸ್ಸಿನಲ್ಲಿದ್ದದ್ದು ಒಂದೇ ಆಸೆ. ಅಪ್ಪ ಅದರ ಮುಂದಿನ ಸೀಟಿನಲ್ಲಿ ಕೂತು, ಇಳಿಯದೆ, ದೊಡ್ಡಬೀದಿ ದಾಟಬೇಕು.

ಅವನು ಒಪ್ಪಲಿಲ್ಲ. ಪ್ರತಿ ಸಲವೂ, "ನೀ ಬಾ ಮಗ, ನಾನು ಅಂಗೇ ಮುಂದಕ್ಕೆ ನಡೀತಿರ್ತೀನಿ, ಟೀ ಅಂಗ್ಡಿ ತಾವ ಅತ್ತುಸ್ಕೊ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ.

ಅವ್ವ ಹಿಂದಿನ ಸೀಟಿನಲ್ಲಿ ಕೂತು ನಗಾಡುತ್ತಿದ್ದಳು. "ನೋಡ್ಲಾ, ಮಗ ಕಾರ್ ತಂದವ್ನೆ, ಇವ್ರು ಅದ್ಕೆ ದಾರಿ ತೋರುಸ್ಕೊಂಡು ಮುಂದ್ ಮುಂದ್ಕೆ ಓಯ್ತಾವ್ರೆ!"

ಹೀಗೇ ಒಂದು ವರ್ಷ ಹೋಯಿತು. ಆಮೇಲೆ ತಗಡೂರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಗಂಡು ಗೊತ್ತಾಯಿತು. ಆ ಹುಡುಗಿ ಕಂಡರೆ ಅಪ್ಪನಿಗೆ ಪ್ರಾಣ. ಅವಳೇ ಫೋನಿನಲ್ಲಿ ಜಗಳ ತೆಗೆದಳು. "ತಾತ, ನನ್ ನಿಶ್ಚಿತಾರ್ಥಕ್ಕೂ ನಡ್ಕೊಂಡೇ ಬತ್ತೀಯಾ? ಅಂಗಾದ್ರೆ ಬರ್ಲೇಬೇಡ ಓಗು." ಅಪ್ಪ ಫೋನು ಕೆಳಗಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಆಯ್ತು ಕಣ್ ಬಿಡ್ಲಾ. ಅವತ್ತು ಮನೆ ಬಾಗ್ಲಲ್ಲೇ ಅತ್ಕತೀನಿ" ಅಂದ.

ಅದನ್ನು ಕೇಳಿ ನಾನು ನಂಜನಗೂಡಿಗೆ ವಾಪಸ್ಸು ಹೇಗೆ ಕಾರು ಓಡಿಸಿಕೊಂಡು ಬಂದೆನೋ ಗೊತ್ತಿಲ್ಲ.

ಕಾರಿನ ಹಿಂದಿನ ಶಾಕ್ ಅಬ್ಸಾರ್ಬರುಗಳು ಆಗಲೇ ಸೋತಿದ್ದವು. ಎಣ್ಣೆ ಸೋರುತ್ತಿತ್ತು. ಡಿಕ್ಕಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಕಾರು ನಾಲ್ಕು ಸಲ ಕುಣಿದು ನಿಲ್ಲುತ್ತಿತ್ತು. ಬದಲಾಯಿಸಲೇಬೇಕಿತ್ತು. ಹಾಗೆ ಬದಲಾಯಿಸುವುದಾದರೆ ಸ್ಪ್ರಿಂಗನ್ನೂ ಬದಲಾಯಿಸಿ ಕಾರನ್ನು ತಗ್ಗಿಸೋಣ ಎಂಬ ಯೋಚನೆ ಬಂತು. ಗಿಡ್ಡ ಸ್ಪ್ರಿಂಗು ಹಾಕಿ ನೆಲಕ್ಕೆ ಹತ್ತಿರವಾಗಿ ನಿಲ್ಲಿಸಿದ ಕಾರುಗಳನ್ನು ಮೈಸೂರಿನಲ್ಲಿ ನೋಡಿದ್ದೆ. ಹಳೇ ಕಾರೂ ಹೊಸದರ ಹಾಗೆ, ಹೊಂಚು ಹಾಕಿ ಕೂತ ಹುಲಿಯ ಹಾಗೆ ಕಾಣುತ್ತಿತ್ತು. ಅಪ್ಪನಿಗೆ ಮಂಡಿ ನೋವು, ತಗ್ಗಾದರೆ ಹತ್ತಲು ಸಲೀಸು ಎಂದು ಹೆಂಡತಿಗೆ ಹೇಳಿದೆ. ನನಗೂ ಹಾಗೇ ಹೇಳಿಕೊಂಡೆ. ಸಣ್ಣ ಕಾರು ಹತ್ತುವುದಕ್ಕೆ ಯಾರ ಮಂಡಿಗೂ ಅಷ್ಟೇನೂ ತ್ರಾಸವಿಲ್ಲ. ಅಪ್ಪನಿಗೆ ಬೇಕಾಗಿದ್ದದ್ದು ಮೊಮ್ಮಗಳ ಮನೆ ಮುಟ್ಟುವುದು. ಅವನು ಕೂತು ಹೋಗುವುದನ್ನು ದೊಡ್ಡಬೀದಿಯವರು ತಿರುಗಿ ನೋಡಬೇಕು ಎಂಬುದು ನನ್ನ ಚಪಲ.

ಎರಡು ವಾರ ಅದೇ ಧ್ಯಾನ. ಇಪ್ಪತ್ತೈದು ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗೋ, ನಲವತ್ತರದ್ದೋ? ಸ್ಪ್ರಿಂಗು ಕಾರಿನ ತೂಕ ಹೊರುತ್ತದೆ, ಶಾಕ್ ಅಬ್ಸಾರ್ಬರು ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುತ್ತದೆ. ಗಿಡ್ಡ ಸ್ಪ್ರಿಂಗಿಗೆ ಉದ್ದನೆಯ ಶಾಕ್ ಹಾಕಿದರೆ ಹಳ್ಳ ಬಂದಾಗ ಸ್ಪ್ರಿಂಗು ಕೂತ ಜಾಗ ಬಿಟ್ಟು ಸಡಿಲವಾಗುತ್ತದೆ, ಅದಕ್ಕೂ ಗಿಡ್ಡದ್ದೇ ಬೇಕು. ಇದನ್ನೆಲ್ಲ ಓದಿದೆ. ಕಾಲೇಜಿನ ಅಂಗಳದಲ್ಲಿ ಕಾರಿನ ಕೆಳಗೆ ಸ್ಕೇಲು ಇಟ್ಟು ಅಳೆದೆ. ನೋಟ್ ಪುಸ್ತಕದಲ್ಲಿ ಲೆಕ್ಕ ಮಾಡಿದೆ.

ನಂಜನಗೂಡಿನ ನನ್ನ ಮೆಕ್ಯಾನಿಕ್ ಐವತ್ತು ದಾಟಿದವನು. ಪುಸ್ತಕ ನೋಡಿ ನಕ್ಕ.

"ಏನ್ ಸಾ, ನಿಶ್ಚಿತಾರ್ಥ ನಿಮ್ ತಂಗಿ ಮಗಳದೋ ನಿಮ್ದೋ? ಈ ವಯ್ಸಲ್ಲಿ ಗಾಡಿ ತಗ್ಗುಸ್ತೀನಿ ಅಂತೀರಲ್ಲ!"

"ತಮಾಷೆ ಆಮೇಲೆ. ನಲವತ್ತರದ್ದು ತರಿಸು" ಅಂದೆ.

"ಸಾ, ನನ್ ಮಾತ್ ಕೇಳಿ. ಅಳೇ ಸ್ಪ್ರಿಂಗ್ ಚೆನ್ನಾಗೈತೆ, ಅದ್ನ ಮುಟ್ಬೇಡಿ. ನಾಕು ಒರಿಜಿನಲ್ ಶಾಕಬ್ಸರ್ ಆಕ್ಬುಡ್ತೀನಿ, ಬೆಣ್ಣೆ ಓದಂಗ್ ಓಯ್ತದೆ. ತಗ್ಗುಸ್ಲೇಬೇಕಾ, ಇಪ್ಪತ್ತೈದಕ್ಕೆ ನಿಲ್ಸಿ. ನೀವು ಅಳ್ಳಿ ಕಡೆ ಓಡಾಡೋರು."

"ಈ ಸ್ಪ್ರಿಂಗು ಗಟ್ಟಿ ಇರುತ್ತೆ ಕಣಯ್ಯ, ಭಾರ ಬಿದ್ರೂ ಜಾಸ್ತಿ ಕುಗ್ಗಲ್ಲ. ಲೆಕ್ಕ ಹಾಕಿದ್ದೀನಿ."

"ಎಷ್ಟ್ ಜನ ಕೂತ್ಕತೀರಾ?"

"ಇಬ್ಬರು" ಅಂದೆ. ನನ್ನ ಕಣ್ಣ ಮುಂದೆ ಇದ್ದದ್ದು ನಾನು ಮತ್ತು ಅಪ್ಪ, ಇಬ್ಬರೇ.

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. "ನಾನು ಮಕ್ಕಳಿಗೆ ಪಾಠ ಮಾಡೋದೇ ಇದನ್ನ" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವನು ಕೈ ಒರೆಸಿಕೊಂಡ.

"ಆಯ್ತು ಸಾ. ಪಾಠ ನಿಮ್ದು, ರೋಡು ಪಂಚಾಯ್ತಿದು."

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಮನೆ ಮುಂದೆ ಕಾರು ನಿಲ್ಲಿಸಿದೆ. ಕೇರಿಯ ಹುಡುಗರು ಸುತ್ತ ತಿರುಗಿ ನೋಡಿದರು. ಅಪ್ಪ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು, ಹೊಸ ಚಪ್ಪಲಿ ಮೆಟ್ಟಿ ಬಂದು ಮುಂದೆ ಕೂತ. ಹಿಂದೆ ಅವ್ವ, ಚಿಕ್ಕಮ್ಮ, ತಮ್ಮನ ಹೆಂಡತಿ. ನನ್ನ ಹೆಂಡತಿ ಹಿಂದಿನ ದಿನವೇ ತಗಡೂರಿಗೆ ಹೋಗಿದ್ದಳು. ನಮ್ಮಲ್ಲಿ ಮನೆಗೆ ಒಂದು ಗಾಡಿ ಬಂತೆಂದರೆ ಯಾರನ್ನೂ ಬಿಟ್ಟು ಹೋಗುವ ಪದ್ಧತಿಯಿಲ್ಲ. ಡಿಕ್ಕಿಯಲ್ಲಿ ಬಾಳೆಗೊನೆ, ತೆಂಗಿನಕಾಯಿ ಮೂಟೆ, ತಂಗಿಗೆಂದು ಅವ್ವ ತುಂಬಿಸಿದ ಒಂದು ಚೀಲ ಅಕ್ಕಿ. ಕಾರು ಕೂತದ್ದು ನನಗೆ ಗೊತ್ತಾಯಿತು. ಆದರೆ ಆ ಹೊತ್ತಿನಲ್ಲಿ ಯಾರನ್ನು ಇಳಿ ಅನ್ನಲಿ?

ದೊಡ್ಡಬೀದಿ ಬಂತು. ಅಪ್ಪ ಸೀಟಿನಲ್ಲಿ ಸ್ವಲ್ಪ ಮೇಲೆದ್ದ. "ಕೂತ್ಕೊ ಅಪ್ಪ" ಅಂದೆ. ಕೂತ. ಮೊದಲ ಮನೆ ದಾಟಿತು, ಎರಡನೆಯದು ದಾಟಿತು. ಐದಾರು ಮನೆ ದಾಟಿದ ಮೇಲೆ ಅವನು ಕೈಯನ್ನು ಕಿಟಕಿಯ ಮೇಲಿಟ್ಟ. ಆ ಕೈ ನನಗೆ ಈಗಲೂ ಕಾಣುತ್ತದೆ.

ಬೀದಿಯ ನಡುವೆ, ಆ ಬೀದಿಯವರೇ ಮನೆ ಕಟ್ಟಿ ಉಳಿದ ಕಾಂಕ್ರೀಟು ಸುರಿದು ಮಾಡಿಕೊಂಡ ಒಂದು ಹಂಪು ಇದೆ. ಬರುವಾಗ ನಾನೊಬ್ಬನೇ ಇದ್ದದ್ದರಿಂದ ತಗುಲಿರಲಿಲ್ಲ. ಮುಂದಿನ ಚಕ್ರ ಹತ್ತಿ ಇಳಿಯಿತು. ಆಮೇಲೆ ಕರ್ರ್ ಎಂಬ ಸದ್ದು. ಕಾರಿನ ಹೊಟ್ಟೆ ಹಂಪಿನ ಮೇಲೆ ಕೂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಜನ ಸೇರಿದರು. "ಏನ್ ಮೇಷ್ಟ್ರೇ, ಕಾರ್‌ಗೆ ಸೊಂಟ ಮುರ್ದೋಯ್ತಾ?" ಎಂದು ಒಬ್ಬ ಹುಡುಗ ನಕ್ಕ. ಜಗಲಿಯ ಮೇಲಿದ್ದ ಮುದುಕರೊಬ್ಬರು ಎದ್ದು ಬಂದರು. ಅಪ್ಪ ನಲವತ್ತು ವರ್ಷ ನೀರು ಕಟ್ಟಿದ್ದು ಅವರ ಗದ್ದೆಗೂ ಸೇರಿ. ಬಗ್ಗಿ ಕಾರಿನ ಕೆಳಗೆ ನೋಡಿದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಇದನ್ನು ನಾನು ಪ್ರಾಮಾಣಿಕವಾಗಿ ಹೇಳಬೇಕು.

"ಭಾರ ಜಾಸ್ತಿ ಆಯ್ತು ಕಣಪ್ಪ. ಜನ ಇಳ್ಕೊಂಡ್ರೆ ಅಗುರಾಗಿ ದಾಟ್ತದೆ." ಆಮೇಲೆ ಕಿಟಕಿಯ ಹತ್ತಿರ ಬಂದು, ಹಳೇ ರೂಢಿಯಂತೆ, "ಇಳ್ಕೊಳ್ಲಾ, ಇಳ್ಕೊ. ಒಂದಷ್ಟು ದೂರ ನಡುದ್ರೆ ಏನಾದದು" ಅಂದರು.

ಅವರು ಹೇಳಿ ಮುಗಿಸುವ ಮೊದಲೇ ಅಪ್ಪ ಬಾಗಿಲು ತೆಗೆದಿದ್ದ. "ಊಂ ಬುದ್ದಿ" ಅಂದ. ಇಳಿದು, ಗೋಡೆಯ ಮಗ್ಗುಲಿಗೆ ಸರಿದು, ತಲೆ ತಗ್ಗಿಸಿ ನಡೆಯತೊಡಗಿದ. ಹಿಂದಿನವರೂ ಇಳಿದರು. ನಾಲ್ಕು ಜನ ತಳ್ಳಿದರು. ಕಾರು ಎದ್ದು ದಾಟಿತು. ದಾಟಿದ ಮೇಲೆ ಪಕ್ಕದ ಸೀಟಿನ ಕೆಳಗೆ ನೋಡಿದೆ. ಹೊಸ ಚಪ್ಪಲಿ ಎರಡೂ ಅಲ್ಲೇ ಇದ್ದವು.

ಬೀದಿ ಮುಗಿಯುವ ಕಡೆ ನಿಲ್ಲಿಸಿದೆ. ಬರಿಗಾಲಿನಲ್ಲಿ ಬಂದು ಕೂತ. ಪಾದದ ಧೂಳು ಕೊಡವಿದ. ನಾನು ಏನೋ ಹೇಳಬೇಕೆಂದು ತೊದಲಿದೆ. "ಓಡ್ಸು, ಒತ್ತಾಯ್ತದೆ" ಅಂದ. ತಗಡೂರಿನಲ್ಲಿ ಚೆನ್ನಾಗಿಯೇ ಇದ್ದ. ಬೀಗರ ಜೊತೆ ಮಾತಾಡಿದ, ಮೊಮ್ಮಗಳ ತಲೆ ಸವರಿದ. "ಕಾರಲ್ಲೇ ಬಂದಾ ತಾತ?" ಎಂದು ಅವಳು ಕೇಳಿದ್ದಕ್ಕೆ, "ಊಂ ಕಣವ್ವ, ಕೂತ್ಕೊಂಡೇ ಬಂದಿ" ಅಂದ. ನಾನು ಕೈ ತೊಳೆಯುವ ನೆಪ ಮಾಡಿ ಹಿತ್ತಿಲಿಗೆ ಹೋದೆ.

ಮಾರನೆಯ ದಿನವೇ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಕಾರಿನ ಕೆಳಗಿನ ಗೀರು ನೋಡಿದ, ನನ್ನ ಮುಖ ನೋಡಿದ. ಹಳೇ ಸ್ಪ್ರಿಂಗುಗಳನ್ನು ಗುಜರಿಗೆ ಹಾಕದೆ ಇಟ್ಟಿದ್ದ. ಅವನ್ನೇ ತೊಡಿಸಿ, ಒರಿಜಿನಲ್ ಶಾಕ್ ಹಾಕಿಕೊಟ್ಟ. ಅವನು ಮೊದಲೇ ಹೇಳಿದ್ದು ಅದನ್ನೇ. ಐದು ಜನ ಕೂತರೂ, ಡಿಕ್ಕಿ ತುಂಬಿದರೂ ಕಾರು ಈಗ ಎಲ್ಲಿಯೂ ನೆಲ ಮುಟ್ಟುವುದಿಲ್ಲ. ಕೇರಿಯ ಹುಡುಗರನ್ನು ತುಂಬಿಕೊಂಡು ಆ ಹಂಪನ್ನು ಮೂರು ಸಲ ದಾಟಿ ನೋಡಿದೆ.

ಆಮೇಲೆ ಅಪ್ಪನ ಮುಂದೆ ಹೋಗಿ ನಿಂತೆ. "ಅಪ್ಪ, ಸರಿ ಮಾಡಿಸಿದ್ದೀನಿ. ಇನ್ನು ತಗುಲಲ್ಲ. ಒಂದೇ ಒಂದು ಸಲ ಕೂತ್ಕೊ."

"ನಿಂದೇನ್ ತಪ್ಪಿಲ್ಲ ಕಣ್ ಮಗ" ಅಂದ. ಎಲೆಗೆ ಸುಣ್ಣ ಹಚ್ಚುತ್ತಿದ್ದವನು ನಿಲ್ಲಿಸಲಿಲ್ಲ. "ಕಾರೂ ಚೆನ್ನಾಗೈತೆ. ನಂಗೇ ಬ್ಯಾಡ. ಒಂದ್ ಸಲ ಕೂತಿದ್ನಲ್ಲ, ಸಾಕು."

"ಆ ಬೀದಿಯೋರು ಏನಂದ್ಕೊಂಡ್ರೆ ನಮಗೇನು?"

"ಅವ್ರು ಏನಂದ್ರು? ಅವ್ರೇನೂ ಅನ್ನಿಲ್ಲ. ಅವ್ರು ಯೋಳಿ ಮುಗ್ಸೋಕ್ ಮುಂಚೇನೇ ನಾನೇ ಇಳುದ್ನಲ್ಲ, ಅದು ಕಣ್ಲಾ."



ನಮ್ಮ ಕೇರಿಯ ಹಿಂದೆ ನಾಲೆಯ ಏರಿಯಿದೆ. ಅದರ ಮೇಲೆ ನಡೆದರೆ, ಸುತ್ತಾದರೂ, ದೊಡ್ಡಬೀದಿ ಮುಟ್ಟದೆ ರಸ್ತೆಗೆ ಬರಬಹುದು. ಕಾರು ಹೋಗುವಷ್ಟು ಅಗಲವಿಲ್ಲ. ಈಗ ಅಪ್ಪನನ್ನು ಆಸ್ಪತ್ರೆಗೋ ತಂಗಿಯ ಮನೆಗೋ ಕರೆದೊಯ್ಯುವ ದಿನ ಅವನು ಅರ್ಧ ಗಂಟೆ ಮೊದಲೇ ಕೋಲು ಹಿಡಿದು ಆ ಏರಿಯ ಮೇಲೆ ಹೊರಡುತ್ತಾನೆ. ಮುಂಚೆ ದೊಡ್ಡಬೀದಿಯಲ್ಲಿ ನಡೆದಾದರೂ ಹೋಗುತ್ತಿದ್ದ, ಈಗ ಅದೂ ಇಲ್ಲ. ನಾನು ಖಾಲಿ ಸೀಟು ಪಕ್ಕದಲ್ಲಿಟ್ಟುಕೊಂಡು ಬೀದಿ ದಾಟಿ, ರಸ್ತೆಯ ಬದಿಯಲ್ಲಿ ಕಾಯುತ್ತೇನೆ. ತುಂಬಾ ಹೊತ್ತಾದ ಮೇಲೆ ಬಿಳಿ ಅಂಗಿ ಕಾಣುತ್ತದೆ. ಏರಿ ಇಳಿಯುವ ಕಡೆ ಜಾರುತ್ತದೆ, ಹೋಗಿ ಕೈ ಹಿಡಿಯೋಣವೆಂದು ಬಾಗಿಲು ತೆಗೆದರೆ ಅಲ್ಲಿಂದಲೇ ಕೋಲು ಎತ್ತುತ್ತಾನೆ.

"ಕಾರ್ ತಾವೇ ಇರ್ಲಾ, ಯಾರಾರಾ ಬಂದು ಗುದ್ಗಿದ್ದಾರು! ನಾ ಬತ್ತೀನಿ."

ನಾನು ಬಾಗಿಲು ಹಾಕಿಕೊಂಡು ಕೂರುತ್ತೇನೆ. ಅವನು ಒಂದೊಂದೇ ಹೆಜ್ಜೆ ಇಳಿದು ಬರುತ್ತಾನೆ.