ನಲವತ್ತೆಂಟು ಅಂಕಿ

ಮೇಡಂ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ನನ್ನ ಅಡ್ಡಹೆಸರಿನ ಬಗ್ಗೆ. ಹುಬ್ಬಳ್ಳಿಯಲ್ಲಿ ಹನಿ ನೀರಾವರಿ ಪೈಪು ತಯಾರಿಸುವ ಕಂಪನಿಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ನನಗಿನ್ನೂ ಒಂದೇ ವಾರವಾಗಿತ್ತು. ಅವರು ಟೆಂಡರ್ ವಿಭಾಗದ ಮುಖ್ಯಸ್ಥೆ, ಐವತ್ತು ದಾಟಿದವರು. ಧಾರವಾಡದ ಹಳೆಯ ಮನೆತನ, ಅಜ್ಜ ಹೆಸರಾಂತ ಮಾಸ್ತರರು, ಮನೆಮಂದಿಯೆಲ್ಲ ಹಾಡುವವರು ಎಂದು ಆಫೀಸಿನಲ್ಲಿ ಎಲ್ಲರೂ ಗೌರವದಿಂದ ಹೇಳುತ್ತಿದ್ದರು. ಅವತ್ತು ಅವರ ಪ್ರಿಂಟರ್ ಕೆಟ್ಟಿತ್ತು. ನಾನು ಬಗ್ಗಿ ವೈರು ನೋಡುತ್ತಿದ್ದೆ.

"ನಿಮ್ಮ ಅಡ್ಡಹೆಸರೇನ್ರಿ?"

ಹೇಳಿದೆ.

"ಊರು?"

"ಧಾರವಾಡನ ರೀ."

"ತಂದೆಯವರು?"

"ಅಮ್ಮಿನಬಾವಿ ಸರಕಾರಿ ಸಾಲ್ಯಾಗ ಹೆಡ್‌ಮಾಸ್ತರ ಇದ್ರು ರೀ. ಈಗ ರಿಟೈರ್ ಆಗ್ಯಾರ."

ಅವರಿಗೆ ತಿಳಿಯಬೇಕಾದದ್ದು ತಿಳಿಯಿತು. ನಕ್ಕರು. ಕೆಟ್ಟ ನಗೆಯಲ್ಲ, ಮನೆಗೆ ಬಂದವರೊಡನೆ ನಗುವಂಥದೇ. "ಹಂಗಿದ್ರ ನೀವ್ಯಾಕ ಸರಕಾರಿ ನೌಕರಿಗೆ ಹೋಗಲಿಲ್ಲ? ನಿಮಗ ಭಾಳ ಸರಳ ಇರ್ತದಲ್ಲ?"

ನಾನೂ ನಕ್ಕೆ. ಹಾಗೆ ನಕ್ಕದ್ದನ್ನು ನನಗೆ ನಾನು ಕ್ಷಮಿಸಿಕೊಂಡಿಲ್ಲ. ಎರಡು ಸಲ ಸರಕಾರಿ ಪರೀಕ್ಷೆ ಬರೆದು ಎರಡು ಸಲವೂ ಸ್ವಲ್ಪದರಲ್ಲೇ ತಪ್ಪಿಹೋದದ್ದನ್ನು ನಾನು ಹೇಳಲಿಲ್ಲ. ಪ್ರಿಂಟರ್ ಸರಿಮಾಡಿ, ಅವರ ಕಂಪ್ಯೂಟರಿನಿಂದ ಒಂದು ಹಾಳೆ ಮುದ್ರಿಸಿ ತೋರಿಸಿ ಹೊರಬಂದೆ. ಬಾಗಿಲ ಗಾಜಿನಲ್ಲಿ ಕಂಡದ್ದು: ಅವರು ಒದ್ದೆ ಬಟ್ಟೆಯಿಂದ ಕೀಬೋರ್ಡ್ ಒರೆಸುತ್ತಿದ್ದರು. ಯಾರು ಮುಟ್ಟಿದರೂ ಒರೆಸುವ ಅಭ್ಯಾಸ ಅವರಿಗೆ ಇದ್ದಿರಬಹುದು. ನಾನು ವಿಚಾರಿಸಲಿಲ್ಲ. ವಿಚಾರಿಸುವ ಮನಸ್ಸೂ ಇರಲಿಲ್ಲ.

ಮುಂದಿನ ಮೂರು ವರ್ಷ ಅವರು ನನ್ನನ್ನು "ಕಂಪ್ಯೂಟರನವರು" ಎಂದೇ ಕರೆದರು. ಕೂಗಿ ಮಾತಾಡಲಿಲ್ಲ, ಬೈಯಲಿಲ್ಲ. ನಾನು ಮಾತ್ರ ಆ ಒಂದು ವಾಕ್ಯವನ್ನು ದಿನಾ ಧಾರವಾಡದಿಂದ ಬಸ್ಸಿನಲ್ಲಿ ಬರುವಾಗ ತೆಗೆದು ನೋಡಿಕೊಳ್ಳುತ್ತಿದ್ದೆ.

ಆಮೇಲೆ ಪ್ರಮಾಣಪತ್ರಗಳ ಕೆಲಸ ಬಂತು. ಲ್ಯಾಪ್‌ಟಾಪ್ ಚಾಲೂ ಆಗುವಾಗ ಮೊದಲು ಓಡುವ ಪ್ರೋಗ್ರಾಮು ನಂಬಿಗಸ್ತವೋ ಅಲ್ಲವೋ ಎಂದು ಯಂತ್ರವೇ ಪರೀಕ್ಷಿಸುತ್ತದೆ. ಇದಕ್ಕೆ ಸೆಕ್ಯೂರ್ ಬೂಟ್ ಎನ್ನುತ್ತಾರೆ. ಆ ಪರೀಕ್ಷೆಗೆ ಬೇಕಾದ ಪ್ರಮಾಣಪತ್ರಗಳನ್ನು ಕಾರ್ಖಾನೆಯಲ್ಲೇ ಯಂತ್ರದೊಳಗೆ ಕೂಡಿಸಿರುತ್ತಾರೆ. ಹದಿನೈದು ವರ್ಷ ಹಳೆಯವಾದ ಅವುಗಳ ಅವಧಿ ಮುಗಿಯುತ್ತ ಬಂದಿತ್ತು. ಆಫೀಸಿನ ಅರವತ್ತು ಲ್ಯಾಪ್‌ಟಾಪುಗಳಿಗೂ ಹೊಸವನ್ನು ಹಾಕಬೇಕಿತ್ತು. ಕೆಲವು ಸುಮ್ಮನೆ ತೆಗೆದುಕೊಂಡವು. ಹಳೆಯ ಮಾಡೆಲ್ಲುಗಳು ಹಟ ಹಿಡಿದವು. ಅವಕ್ಕೆ ಮೊದಲು ತಯಾರಕರು ಕೊಟ್ಟ ಫರ್ಮ್‌ವೇರ್, ಅಂದರೆ ಯಂತ್ರದ ಮೂಲ ಪ್ರೋಗ್ರಾಮು, ಹಾಕಬೇಕು, ಡಿಸ್ಕಿನ ಕಡತಗಳಿಗೆ ಹಾಕಿದ ಬೀಗವನ್ನು ತಾತ್ಕಾಲಿಕವಾಗಿ ಸಡಿಲಿಸಬೇಕು, ಆಮೇಲೆ ಪ್ರಮಾಣಪತ್ರ, ಆಮೇಲೆ ಎರಡು ಸಲ ಆಫ್ ಮಾಡಿ ಆನ್. ಬೀಗ ಸಡಿಲಿಸುವುದನ್ನು ಮರೆತರೆ ಯಾರೋ ತನ್ನನ್ನು ಕೆದಕಿದ್ದಾರೆ ಎಂದು ಯಂತ್ರಕ್ಕೆ ಸಂಶಯ ಬರುತ್ತದೆ. ಆಗ ಅದು ನೀಲಿ ಪರದೆ ತೋರಿಸಿ ನಲವತ್ತೆಂಟು ಅಂಕಿಯ ಒಂದು ಸಂಖ್ಯೆ ಕೇಳುತ್ತದೆ. ಆ ಸಂಖ್ಯೆ ಹೊಡೆಯುವ ತನಕ ಒಳಗಿನ ಒಂದು ಕಾಗದವೂ ಕಾಣುವುದಿಲ್ಲ.

ಶನಿವಾರ ಎಲ್ಲರೂ ಲ್ಯಾಪ್‌ಟಾಪ್ ನನ್ನ ಮೇಜಿಗೆ ತರಬೇಕೆಂದು ಮೇಲ್ ಕಳಿಸಿದೆ. ಮೇಡಂ ತರಲಿಲ್ಲ. "ಟೆಂಡರ್ ಕೆಲಸ ಅದ. ಶನಿವಾರ ಆಗೂದಿಲ್ಲ" ಎಂದರು. ಸೋಮವಾರ ಬೆಂಗಳೂರಿನ ಮುಖ್ಯ ಕಚೇರಿ ಎಲ್ಲ ಶಾಖೆಗಳಲ್ಲಿ ಬಾಕಿ ಉಳಿದ ಯಂತ್ರಗಳಿಗೆ ತಾನೇ ನೆಟ್ ಮೂಲಕ ಹೊಸ ಪ್ರಮಾಣಪತ್ರಗಳನ್ನು ಕಳಿಸಿಬಿಟ್ಟಿತು, ಬೀಗ ಸಡಿಲಿಸದೆ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವರ ಫೋನ್ ಬಂತು.

"ಕಂಪ್ಯೂಟರನವರ, ಲಗೂ ಬರ್ರಿ. ನನ್ನ ಲ್ಯಾಪ್‌ಟಾಪ್ ಏನೋ ನಂಬರ್ ಕೇಳ್ಲಿಕ್ಕತ್ತದ."

ಹೋಗಿ ನೋಡಿದೆ. ನೀಲಿ ಪರದೆ. ಮೇಡಂ ನಿಂತೇ ಇದ್ದರು. ಧಾರವಾಡ ತಾಲೂಕಿನ ಹಳ್ಳಿಗಳಿಗೆ ಪೈಪು ಪೂರೈಸುವ ಸರಕಾರಿ ಟೆಂಡರ್, ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತದೆ. ಎರಡು ತಿಂಗಳು ಮಾಡಿದ ಕಡತಗಳೆಲ್ಲ ಆ ಡಿಸ್ಕಿನಲ್ಲೇ ಇವೆ. ಆಫೀಸಿನ ಎಲ್ಲರೂ ಬಳಸುವ ಸರ್ವರಿನಲ್ಲಿ ಇಟ್ಟರೆ ಯಾರಾದರೂ ನೋಡುತ್ತಾರೆ ಎಂದು ಅವರು ಅಲ್ಲಿ ಏನನ್ನೂ ಇಡುತ್ತಿರಲಿಲ್ಲ.

"ಬೆಂಗಳೂರಿಗೆ ಕೇಳತೇನ್ರಿ ಮೇಡಂ" ಎಂದು ನನ್ನ ಜಾಗಕ್ಕೆ ಬಂದೆ. ಕೇಳಿದೆ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸಂಖ್ಯೆ ನನ್ನ ಫೋನಿಗೆ ಬಂತು. ಆರಾರು ಅಂಕಿಯ ಎಂಟು ಗುಂಪು. ಓದಿದೆ. ಎದ್ದು ಅವರ ಕೋಣೆಗೆ ಹೋಗಲು ಅರ್ಧ ನಿಮಿಷ ಸಾಕಾಗಿತ್ತು.

ಏಳಲಿಲ್ಲ. ಫೋನನ್ನು ಅಂಗಿ ಕಿಸೆಗೆ ಹಾಕಿಕೊಂಡೆ.

ಮೊದಲಿಗೆ ಹತ್ತು ನಿಮಿಷ ಕಾಯಿಸೋಣ, ಸಾಕು ಅಂದುಕೊಂಡಿದ್ದೆ. ಹನ್ನೊಂದೂವರೆಗೆ ಅವರೇ ನನ್ನ ಮೇಜಿಗೆ ಬಂದರು. ಮೂರು ವರ್ಷದಲ್ಲಿ ಅದೇ ಮೊದಲು. "ಬಂತೇನ್ರಿ?"

"ಇಲ್ರಿ ಮೇಡಂ. ಅವ್ರು ನೋಡಾಕತ್ತಾರ."

"ನಾನ ಅವರಿಗೆ ಫೋನ್ ಮಾಡ್ಲೇನು?"

"ನಾನ ಲೈನ್ ಮ್ಯಾಲ ಅದೀನ್ರಿ. ನೀವೂ ಮಾಡಿದ್ರ ಇನ್ನೂ ತಡ ಆಕ್ಕೈತಿ."

ಹನ್ನೆರಡಕ್ಕೆ ಬಂದರು. ಒಂದಕ್ಕೆ ಬಂದರು. ಊಟದ ಡಬ್ಬಿ ತೆರೆದಿರಲಿಲ್ಲ. ಎರಡಕ್ಕೆ ಬಂದಾಗ ನನ್ನ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟರು. ಕೈಯಲ್ಲಿ ಪೆನ್ನು, ಹಾಳೆ. ಸಂಖ್ಯೆ ಬಂದ ಕೂಡಲೇ ಬರೆದುಕೊಳ್ಳಲು. "ಸರ, ಏನರ ಮಾಡ್ರಿ. ನಿಮಗ ಕೈ ಮುಗೀತೀನಿ" ಎಂದರು.

ಸರ ಎಂದರು. ನನ್ನ ಎದೆಯಲ್ಲಿ ಏನೋ ಸಿಹಿಯಾದದ್ದು ಇಳಿಯಿತು. ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ. ಫೋನ್ ಕಿಸೆಯಲ್ಲಿ ಬೆಚ್ಚಗಿತ್ತು. "ಪ್ರಯತ್ನ ನಡದೈತ್ರಿ ಮೇಡಂ" ಎಂದೆ.

ಮೂರೂ ಇಪ್ಪತ್ತಕ್ಕೆ ಸಂಖ್ಯೆ ಕೊಟ್ಟೆ. ನಾನು ಓದಿದೆ, ಅವರು ಒಂದೊಂದೇ ಅಂಕಿ ಒತ್ತಿದರು. ಬೀಗ ತೆರೆಯಿತು. ಕಡತಗಳೆಲ್ಲ ಇದ್ದಲ್ಲೇ ಇದ್ದವು. ಮೇಡಂ ಅವುಗಳನ್ನು ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ಭಾಳ ಓಡ್ಯಾಡಿದ್ರಿ. ಉಪಕಾರ ಆತು" ಎಂದರು.

ಮರುದಿನ ಮ್ಯಾನೇಜರು ಇಬ್ಬರನ್ನೂ ಕರೆದರು. ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು: ಲ್ಯಾಪ್‌ಟಾಪ್ ತೆರೆಯಲಿಲ್ಲ, ಸಂಖ್ಯೆ ತಡವಾಗಿ ಬಂತು. ಮ್ಯಾನೇಜರು ನನ್ನನ್ನು ನೋಡಿದರು. ನಾನು ಶನಿವಾರದ ಮೇಲ್ ತೆಗೆದು ತೋರಿಸಿದೆ. "ಎಲ್ಲಾರೂ ತಂದಿದ್ರು ಸರ. ಮೇಡಂ ಒಬ್ಬರ ತರಲಿಲ್ಲ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸರ್ವರಿನಲ್ಲಿ ಪ್ರತಿ ಯಾಕೆ ಇಡಲಿಲ್ಲ ಎಂದು ಮ್ಯಾನೇಜರು ಅವರನ್ನು ಕೇಳಿದರು. ಮ್ಯಾನೇಜರು ಮೇಡಂ ಅವರ ಮಗನ ವಯಸ್ಸಿನ ಮನುಷ್ಯ; ಬಾಗಿಲು ತೆರೆದೇ ಇತ್ತು, ಹೊರಗೆ ಕೂತವರಿಗೆಲ್ಲ ಕೇಳುವಂತೆ, "ವಯಸ್ಸಾತು ನಿಮಗ, ಇದೆಲ್ಲ ಆಗೂದಿಲ್ಲ ಬಿಡ್ರಿ" ಎಂದ.

ವಾರದೊಳಗೆ ಅವರನ್ನು ಅಮರಗೋಳದ ಗೋದಾಮಿಗೆ ಹಾಕಿದರು. ಮಾರುಕಟ್ಟೆ ಪ್ರಾಂಗಣದ ಹತ್ತಿರ ತಗಡಿನ ಶೆಡ್ಡು, ಲಾರಿಗೆ ಏರುವ ಪೈಪುಗಳ ಚೀಟಿ ಬರೆಯುವ ಕೆಲಸ. ಎರಡು ತಿಂಗಳಿಗೆ ರಾಜೀನಾಮೆ ಕೊಟ್ಟರು.

ಲ್ಯಾಪ್‌ಟಾಪ್ ಒಪ್ಪಿಸಲು ನನ್ನಲ್ಲಿಗೇ ಬರಬೇಕಾಯಿತು. ಮೇಜಿನ ಮೇಲಿಟ್ಟು, ಚೀಲದಿಂದ ಒಂದು ಹಾಳೆ ತೆಗೆದು ಅದರ ಪಕ್ಕಕ್ಕಿಟ್ಟರು. ಆ ದಿನದ ವರದಿ ಕೊಡಿ ಎಂದು ಬೆಂಗಳೂರಿಗೆ ಬರೆದಿದ್ದರಂತೆ. ಅಲ್ಲಿಂದ ಬಂದ ಉತ್ತರ ಅದು. ಸಂಖ್ಯೆಯನ್ನು ಯಾರಿಗೆ, ಎಷ್ಟು ಹೊತ್ತಿಗೆ ಕೊಡಲಾಯಿತು ಎಂದು ಅಚ್ಚಾಗಿತ್ತು. ನನ್ನ ಹೆಸರು. ಹನ್ನೊಂದು ಹತ್ತು.

"ಮೇಡಂ, ಇದನ್ನ ಮ್ಯಾನೇಜರಿಗೆ..."

"ತೋರಿಸಿಲ್ಲ. ತೋರಿಸೂದೂ ಇಲ್ಲ."

"ಯಾಕ್ರಿ?"

ಸೆರಗು ಸರಿಮಾಡಿಕೊಂಡರು. ದನಿ ಎತ್ತಲಿಲ್ಲ. "ತೋರಿಸಿದ್ರ ನೀವು ಜಾತಿ ಮಾತು ತಗೀತೀರಿ. ನನಗ ಈ ವಯಸ್ಸಿನ್ಯಾಗ ಅದು ಬ್ಯಾಡ. ನಿಮ್ಮವರನ್ನ ಹತ್ರ ಬಿಟ್ಕೋಬಾರದು ಅಂತ ನಮ್ಮ ಮನ್ಯಾಗ ಹಿರಿಯರು ಅಂತಿದ್ರು. ಹಂಗನ್ನಬಾರದು ಅಂತ ನಾನ ಅವರ ಜೋಡಿ ಜಗಳಾಡ್ತಿದ್ದೆ. ಅವರ ಮಾತ ಖರೇ ಆತು, ನೋಡ್ರಿ."

ಲ್ಯಾಪ್‌ಟಾಪ್ ಒಪ್ಪಿಸಿದ್ದಕ್ಕೆ ರಸೀದಿ ಕೇಳಿದರು. ಬರೆದುಕೊಟ್ಟೆ. ಅದರಲ್ಲಿ ಒಂದು ಕಾಗುಣಿತ ತಪ್ಪಿತ್ತು. ತಿದ್ದಿಸಿಕೊಂಡು ಹೋದರು.

ಜಗಳಾಡುತ್ತಿದ್ದೆ ಎಂದದ್ದು ನಿಜವೋ, ನನ್ನನ್ನು ಚುಚ್ಚಲು ಹೇಳಿದ್ದೋ, ಇಂದಿಗೂ ಗೊತ್ತಿಲ್ಲ. ನಿಜವಾಗಿದ್ದರೆ, ಆ ಮನೆಯಲ್ಲಿ ನಮ್ಮ ಪರವಾಗಿದ್ದ ಒಂದೇ ಬಾಯನ್ನು ನಾನೇ ಮುಚ್ಚಿಸಿದೆ. ಸುಳ್ಳಾಗಿದ್ದರೆ ಅವರು ನನಗಿಂತ ಚೆನ್ನಾಗಿ ಹೊಡೆದರು.

ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. "ಆಕಿ ಅಂದದ್ದು ತಪ್ಪು. ನೀವು ಮಾಡಿದ್ದೂ ತಪ್ಪು. ಒಂದರಿಂದ ಇನ್ನೊಂದು ಅಳಿಸೂದಿಲ್ಲ. ಫೋನ್ ಹಚ್ಚಿ ಹೇಳ್ರಿ" ಎಂದಳು. ಅಷ್ಟು ಹೇಳಿ ಎದ್ದು ಒಳಗೆ ಹೋದಳು.

ಮೂರು ವಾರ ತಡೆದು ಒಂದು ರವಿವಾರ ಬೆಳಿಗ್ಗೆ ಫೋನ್ ಮಾಡಿದೆ. ಅವರೇ ಎತ್ತಿದರು. ಹಿಂದೆ ಯಾರೋ ತಂಬೂರಿ ಶ್ರುತಿ ಮಾಡುತ್ತಿದ್ದರು. ಹೆಸರು ಹೇಳಿದೆ, ಕಂಪನಿ ಹೇಳಿದೆ, ಆ ಮಂಗಳವಾರ ನಾನು ಬೇಕಂತಲೇ ಮಾಡಿದೆ, ತಪ್ಪಾಯಿತು ಎಂದೆ. ಕೊನೆಯ ತನಕ ಕೇಳಿಸಿಕೊಂಡರು.

"ಯಾರು ಬೇಕಾಗಿತ್ರಿ ನಿಮಗ?" ಎಂದರು, ಬಹಳ ಮೃದುವಾಗಿ. "ರಾಂಗ್ ನಂಬರ್ ಅದ ಇದು." ಫೋನ್ ಇಟ್ಟರು.